ಇಬ್ಬರ ತೂಕ

ಆ ಊರಿನಲ್ಲಿ ಒಂದು ಮನೆಯ ಒಟ್ಟು ತೂಕ ಎಂದೂ ಬದಲಾಗುತ್ತಿರಲಿಲ್ಲ. ಒಬ್ಬರು ಇಳಿದರೆ ಇನ್ನೊಬ್ಬರು ಏರಲೇಬೇಕು. ಶಾರ್ವರಿಯ ಮನೆಯಲ್ಲಿದ್ದವರು ಅತ್ತೆ, ಸೊಸೆ ಇಬ್ಬರೇ. ಸಕ್ಕರೆ ಕಾಯಿಲೆಗೆ ಹೆದರಿ ಶಾರ್ವರಿ ರಾತ್ರಿ ತಿನ್ನುವುದನ್ನು ಬಿಟ್ಟಂದಿನಿಂದ ಅತ್ತೆ ಪದ್ಮಾವತಮ್ಮ ದಪ್ಪಗಾಗುತ್ತ ಬಂದರು, ಮಂಡಿ ಸೋತಿತು. ಅವರೂ ಸುಮ್ಮನಿರಲಿಲ್ಲ. ದಿನಾ ಸಂಜೆ ಕುಳಿತಲ್ಲೇ ಕೋಡುಬಳೆ ಕರಿದು, ಡಬ್ಬಿಯ ಮುಚ್ಚಳ ಹಾಕದೆ ಮಲಗುತ್ತಿದ್ದರು.

ಇವತ್ತು ಶಾರ್ವರಿಗೆ ನಿದ್ದೆ ಹತ್ತಲಿಲ್ಲ. ಕತ್ತಲಲ್ಲೇ ಅಡುಗೆಮನೆಗೆ ಬಂದು ಒಂದು ಕೋಡುಬಳೆ ಕೈಗೆತ್ತಿಕೊಂಡಳು.

"ತಿನ್ನೇ, ಸಂಕೋಚ ಯಾಕೆ?" ನಡುಮನೆಯ ಮಂಚದಿಂದ ಅತ್ತೆಯ ದನಿ ಬಂತು. "ನನ್ನ ಮಂಡಿನೂ ಒಂಚೂರು ಹಗುರಾಗ್ಲಿ."

"ಡಾಕ್ಟ್ರು ಬೈತಾರೆ ಅತ್ತೆ."

"ನಿನ್ನ ಡಾಕ್ಟ್ರು ಬಂದು ನನ್ನನ್ನ ಬಚ್ಚಲಿಗೆ ಎತ್ಕೊಂಡು ಹೋಗ್ತಾರೇನೆ?"

ಶಾರ್ವರಿಗೆ ನಗು ಬಂತು. ಬಾಯಲ್ಲಿ ನೀರೂರಿತ್ತು. ಆದರೂ ಕೋಡುಬಳೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆ ಸದ್ದು ಕೇಳಿ ಅತ್ತೆ ಮಂಚದಲ್ಲಿ ಮಗ್ಗುಲು ಬದಲಿಸಿದರು.

"ಶಾರ್ವರೀ," ಎಂದರು ಆಮೇಲೆ, ಸಣ್ಣ ದನಿಯಲ್ಲಿ. "ನಿಜವಾಗ್ಲೂ ಬಚ್ಚಲಿಗೆ ಹೋಗ್ಬೇಕಮ್ಮಾ."

ಅವಳು ಹೋಗಿ ಅತ್ತೆಯ ತೋಳನ್ನು ಹೆಗಲಿಗೆ ಹಾಕಿಕೊಂಡು ಎಬ್ಬಿಸಿದಳು. ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ಇಷ್ಟು ದಿನ ಕಷ್ಟಪಟ್ಟು ಇಳಿಸಿದ್ದ ತೂಕವೆಲ್ಲ ಅವಳ ಹೆಗಲ ಮೇಲೆಯೇ ಇತ್ತು.