ಉಸ್ತಾದನ ಕತ್ತರಿ

ಬಣ್ಣದ ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಕವಿತೆಯ ಪುಸ್ತಕ ಮಾಡುವುದು ಉಸ್ತಾದನ ಕಸುಬು. ಐವತ್ತು ವರ್ಷಗಳಲ್ಲಿ ಅವನು ಮಸಿ ಮುಟ್ಟಿದವನಲ್ಲ. ಒಂದು ದಿನ ದಿವಾನ ಅವನನ್ನು ಕರೆಸಿ, ಮಸಿಯಲ್ಲಿ ಬರೆದ ಬಿಳಿ ಹಾಳೆಯೊಂದನ್ನು ಮುಂದಿಟ್ಟ. ಯುದ್ಧದಿಂದ ಓಡಿಬಂದ ಸುಲ್ತಾನನನ್ನು ಕುರಿತ ಕವಿತೆ ಅದು. ಬರೆದ ಕವಿಯನ್ನು ಆಗಲೇ ಗಡೀಪಾರು ಮಾಡಿದ್ದರು.

“ಈ ಕವಿತಾ ಇರಬಾರದು,” ಎಂದ ದಿವಾನ.

“ಸುಟ್ಟುಬಿಡ್ರಿ.”

“ಅಂಚಿನ ಬಂಗಾರದ ಬಳ್ಳಿ ಸುಲ್ತಾನರ ತಾಯಿ ಬರದದ್ದು. ಹಾಳಿ ಉಳೀಬೇಕು, ಅಕ್ಷರ ಅಷ್ಟ ಹೋಗಬೇಕು.”

“ಮಸಿ ಕೆರದರ ಗುರುತು ಉಳೀತದರಿ.”

“ಹಂಗಾರ ಕತ್ತರಿಸಿ ತಗಿ. ನಿನ್ನ ಕಸಬು ಅದ ಅಲ್ಲೇನು? ಒಂದು ಚುಕ್ಕಿ ಉಳಿದ್ರೂ ನಿನ್ನ ಬೆರಳು ಉಳಿಯಂಗಿಲ್ಲ.”

“ಚುಕ್ಕಿ ಸೈತ ತಗೀತೀನ್ರಿ,” ಎಂದ ಉಸ್ತಾದ.

ಹನ್ನೊಂದು ದಿನ ಕೂತು, ಒಂದೊಂದೇ ಅಕ್ಷರವನ್ನು ಅದರ ಗೆರೆಗುಂಟ ಕತ್ತರಿಸಿ ತೆಗೆದ. ಅಕ್ಷರಗಳು ಒಂದು ಬಟ್ಟಲು ತುಂಬಿದವು. ದಿವಾನ ಬಂದು ಅವನ್ನು ತಾನೇ ಕೆಂಡಕ್ಕೆ ಸುರಿದ. ಉಸ್ತಾದ ಹಾಳೆಯನ್ನು ಬಿಳಿ ಬಟ್ಟೆಯ ಮೇಲೆ ಹಾಸಿಟ್ಟಿದ್ದ. ದಿವಾನ ಬಗ್ಗಿ, ಮೂಲೆಮೂಲೆಯಲ್ಲೂ ಮಸಿ ಹುಡುಕಿದ. ಎಲ್ಲೂ ಸಿಗಲಿಲ್ಲ.

“ಛಲೋ ಮಾಡೀದಿ,” ಎಂದ.

ಮರುದಿನ ದಿವಾನ ಕಪ್ಪು ಮಖಮಲ್ಲಿನ ಅಂಗಿ ತೊಟ್ಟು ದರ್ಬಾರಿಗೆ ಹೋದ. “ಹುಜೂರ್, ಆ ಕವಿತಾ ಇನ್ನ ಈ ಲೋಕದಾಗ ಇಲ್ಲ,” ಎಂದು ಹಾಳೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ತೋರಿಸಿದ.

ಸುಲ್ತಾನ ಅದನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಚುಕ್ಕಿಯೂ ತಪ್ಪದಂತೆ, ದಿವಾನನ ಎದೆಯ ಮೇಲೆ ಓದಿದ.