ಅಣ್ಣನ ಅಳತೆ

ಬೂಟು ಹೊಲಿಯುವ ತಮ್ಮನ ಪೆನ್ಸಿಲ್ಲು ಅಣ್ಣನ ಕಿರುಬೆರಳಿನ ಹತ್ತಿರ ಬಂದು ನಿಂತುಬಿಟ್ಟಿತು. ಹಾಳೆಯ ಮೇಲೆ ಊರಿದ್ದ ಪಾದದ ಬೆರಳುಗಳು ಒಂದರ ಮೇಲೊಂದು ಮಡಚಿಕೊಂಡಿದ್ದವು. ಅಲ್ಲಿ ಉಜ್ಜಿ ಉಜ್ಜಿ ಆದ ಹುಣ್ಣು ಸಕ್ಕರೆ ಕಾಯಿಲೆಯಿಂದಾಗಿ ಮಾಯುತ್ತಲೇ ಇರಲಿಲ್ಲ.

“ಚಿಕ್ಕಂದಿನಲ್ಲಿ ಬಿಗಿ ಬೂಟು ಹಾಕ್ತಿದ್ರಾ ಅಂತ ಡಾಕ್ಟರು ಕೇಳಿದ್ರು. ಹುಟ್ಟಿನಿಂದ್ಲೇ ಹೀಗೆ ಅಂದೆ,” ಎಂದು ಅಣ್ಣ ನಕ್ಕ.

ತಮ್ಮ ನಗಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ಜೊತೆ ಬೂಟು. ಬೆಳಗಿನ ಶಾಲೆ ಮುಗಿಸಿದ ಅಣ್ಣ ಗೇಟಿನಲ್ಲೇ ಅದನ್ನು ಬಿಚ್ಚಿ, ಮಧ್ಯಾಹ್ನದ ಶಾಲೆಗೆ ಬಂದ ತಮ್ಮನಿಗೆ ತೊಡಿಸಿ, ಬರಿಗಾಲಲ್ಲಿ ಮನೆಗೆ ಹೋಗುತ್ತಿದ್ದ. ಕೊಳ್ಳುವಾಗೆಲ್ಲ, “ಇವನ ಕಾಲಿಗೇ ನೋಡಿ ತಗೋ ಅಪ್ಪಾ, ದೊಡ್ಡದಾದ್ರೆ ಎಡವಿ ಬೀಳ್ತಾನೆ. ನನಗೂ ಸರಿಹೋಗುತ್ತೆ,” ಎನ್ನುತ್ತಿದ್ದವನೂ ಅವನೇ. ಊರವರ ಕಾಲನ್ನೆಲ್ಲ ಅಳೆದ ತಮ್ಮ, ತನ್ನ ನೆಟ್ಟಗಿನ ಕಾಲ್ಬೆರಳುಗಳನ್ನು ಇವತ್ತು ಮೊದಲ ಸಲ ನೋಡಿಕೊಂಡ.

ವಾರ ಕಳೆದು ಹೊಸ ಬೂಟಿನೊಳಗೆ ಕಾಲಿಟ್ಟ ಅಣ್ಣ ಬೆರಳಾಡಿಸಿ ನೋಡಿ, “ಲೋ, ಎಷ್ಟು ಸಡಿಲ ಮಾಡಿದ್ದೀಯೋ! ಒಳ್ಳೇ ಚರ್ಮ ದಂಡ,” ಎಂದು ಗದರಿದ.

ನೆಲದ ಮೇಲೆ ಕೂತು ಲೇಸು ಕಟ್ಟುತ್ತಿದ್ದ ತಮ್ಮ ತಲೆ ಎತ್ತಲಿಲ್ಲ.

“ಸಡಿಲ ಅಲ್ಲ ಅಣ್ಣಾ, ಇದೇ ನಿನ್ನ ಅಳತೆ.”