ಪಾಲಾದ ಪಾಸ್‌ವರ್ಡ್

ಶಿಲ್ಪಶ್ರೀ ಒದ್ದೆ ಬಟ್ಟೆಯಿಂದ ಕೀಬೋರ್ಡ್ ಒರೆಸುತ್ತಿದ್ದಳು. ಬೆನ್ನ ಹಿಂದೆ ದೊಡ್ಡಣ್ಣ ರೇಣುಕಪ್ಪ, ಬಾಗಿಲಲ್ಲಿ ಚಿಕ್ಕಣ್ಣ ಬಸವೇಶ್. ಇಬ್ಬರೂ ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಪಾಲಾದಾಗ ಗದ್ದೆ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು. ಹಂಚಲಾಗದೆ ಉಳಿದದ್ದು ಕೊಪ್ಪ ಬಸ್ ಸ್ಟ್ಯಾಂಡಿನ ಎದುರಿನ ಈ ಕೋಣೆಯಲ್ಲಿದ್ದ ನೆಟ್‌ವರ್ಕ್ ಸ್ವಿಚ್. ಪೇಟೆಯ ಅಂಗಡಿಗಳಿಗೆ ಇಂಟರ್ನೆಟ್ ಕೊಡುವ ಪೆಟ್ಟಿಗೆ ಅದು. ಸಿಟ್ಟಿಗೆ ಯಾರೂ ತಂತಿ ಕೀಳದಿರಲೆಂದು, ಪಾಲು ಮಾಡಿಸಿದ ಹಿರಿಯರು ಅದನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಜಡಿದು ಕೀಲಿ ಒಯ್ದರು. ಕಂಪ್ಯೂಟರಿನಿಂದ ಅದರೊಳಗೆ ಹೋಗುವ ಪಾಸ್‌ವರ್ಡನ್ನೂ ಪಾಲು ಮಾಡಿದರು. ಮೊದಲರ್ಧ ಅಣ್ಣ ಇಟ್ಟದ್ದು, ಉಳಿದರ್ಧ ತಮ್ಮ ಇಟ್ಟದ್ದು. ಒಬ್ಬನದು ಇನ್ನೊಬ್ಬನಿಗೆ ಗೊತ್ತಿಲ್ಲ.

ಇವತ್ತು ಇಬ್ಬರೂ ಒಪ್ಪಿ ಬಂದದ್ದು ಒಂದೇ ಕೆಲಸಕ್ಕೆ. ಪಕ್ಕದ ಕೋಣೆಯಲ್ಲಿ ಶಿಲ್ಪಶ್ರೀ ನಡೆಸುತ್ತಿದ್ದ ಬ್ರೌಸಿಂಗ್ ಸೆಂಟರಿನ ಲೈನ್ ಮುಚ್ಚುವುದಕ್ಕೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅನ್ನದ ದಾರಿ ಅದೊಂದೇ.

"ನಾಳೆ ಮದುವೆಯಾಗಿ ಹೋಗೋಳಿಗೆ ಎಂತಕ್ಕೆ ಅಂಗಡಿ?" ಎಂದ ರೇಣುಕಪ್ಪ.

ಅವಳು ಅವನಿಗೆ ಕುರ್ಚಿ ಎಳೆದು ಕೊಟ್ಟಳು.

ರೇಣುಕಪ್ಪ ತನ್ನರ್ಧ ಒತ್ತಿದ. ಪರದೆಯ ಮೇಲೆ ಏನೂ ಮೂಡಲಿಲ್ಲ. ಪಾಸ್‌ವರ್ಡಿನ ಜಾಗದಲ್ಲಿ ಯಾವ ಕೀ ಒತ್ತಿದರೂ ಕಾಣುವುದಿಲ್ಲ. ಎದ್ದು ಗೋಡೆಯ ಕಡೆ ಮುಖ ತಿರುಗಿಸಿದ.

"ಶಿಲ್ಪಾ, ಒರೆಸು ಮಾರಾಯ್ತಿ. ಅವನು ಮುಟ್ಟಿದ್ದು ನಾ ಮುಟ್ಟಲ್ಲ," ಎಂದ ಬಸವೇಶ್.

ಅವಳು ಒರೆಸಿದಳು. ಬಸವೇಶ್ ಕೂತು ತನ್ನರ್ಧ ಒತ್ತಿದ.

ಪಾಸ್‌ವರ್ಡ್ ತಪ್ಪು.

"ನಿನ್ನ ದೊಡ್ಡಣ್ಣಂಗೆ ಕೇಳು, ಎಂತ ಒತ್ತಿದ ಅಂತ."

"ನಿನ್ನ ಚಿಕ್ಕಣ್ಣಂಗೆ ಹೇಳು, ಕಣ್ಣು ತೋರಿಸ್ಕೊಂಡು ಬರಲಿ ಅಂತ."

ಮತ್ತೆ ಅಣ್ಣ ಒತ್ತಿದ. ಅವಳು ಒರೆಸಿದಳು. ತಮ್ಮ ಒತ್ತಿದ. ಮತ್ತೆ ತಪ್ಪು.

ರೇಣುಕಪ್ಪ ಗೋಡೆ ಬಿಟ್ಟು ತಿರುಗಿದ. "ತಂಗಿ ಹತ್ರ ಒಳ್ಳೆಯವನಾಗೋಕೆ ನಾಟಕ ಆಡ್ತೀಯೇನೋ?"

"ನಾಟಕ ನಿಂದು! ನಂದು ನಮ್ಮನೆ ನಾಯಿ ಹೆಸರು, ಟೈಗರ್. ಅದನ್ನೂ ತಪ್ಪು ಒತ್ತೋಕೆ ನಾನೇನು ನಿನ್ನಂಗೆ ಕುಡುಕನಾ?"

"ಯಾರೋ ಕುಡುಕ? ನಂದು ನನ್ನ ಬೈಕಿನ ನಂಬರು! ನಾಲ್ಕು ಸೊನ್ನೆ ಎಂಟು ಒಂದು! ಇಡೀ ಪ್ಯಾಟೆಗೆ ಗೊತ್ತು!"

ಕಾಲರಿಗೆ ಕೈ ಬಿತ್ತು.

"ಕಂಪ್ಯೂಟರ್ ಮೇಲೆ ಬೀಳ್ತೀರಿ. ಹೊರಗೆ ಹೋಗಿ," ಎಂದಳು ಶಿಲ್ಪಶ್ರೀ ತಗ್ಗಿದ ದನಿಯಲ್ಲಿ.

ಒಬ್ಬರನ್ನೊಬ್ಬರು ತಳ್ಳುತ್ತ ಇಬ್ಬರೂ ರಸ್ತೆಗಿಳಿದರು.

ಅವಳು ಒಳಗಿನಿಂದ ಚಿಲಕ ಹಾಕಿ ಕೂತಳು. ಬೈಕಿನ ನಂಬರು ಒತ್ತಿದಳು, ನಾಯಿಯ ಹೆಸರು ಒತ್ತಿದಳು. ಎರಡು ಸಲವೂ ಒರೆಸುವ ನೆಪದಲ್ಲಿ ನಡುವೆ ಸೇರಿಸಿದ್ದ ಆ ಒಂದು ಕೀಯನ್ನು ಮಾತ್ರ ಈ ಸಲ ಮುಟ್ಟಲಿಲ್ಲ. ಸ್ವಿಚ್ ಒಳಗೆ ಬಿಟ್ಟುಕೊಂಡಿತು. ಮೊದಲು ಪಾಸ್‌ವರ್ಡ್ ಬದಲಾಯಿಸಿದಳು. ಆಮೇಲೆ ಅಣ್ಣಂದಿರಿಗೆ ದುಡ್ಡು ಕಟ್ಟುವ ಅಂಗಡಿಗಳ ಲೈನುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದಳು. ತನ್ನದೊಂದನ್ನು ಬಿಟ್ಟಳು.

ರಸ್ತೆಯಲ್ಲಿ ಇಬ್ಬರ ಮೊಬೈಲೂ ಬಡಿದುಕೊಳ್ಳತೊಡಗಿದವು. ಜಗಳ ನಿಂತಿತು. ಯಾರೋ ಬಾಗಿಲು ತಟ್ಟಿದರು.

"ಶಿಲ್ಪಾ... ಬಾಗಿಲು ತೆಗಿ."